ಬೀಗ ತೆಗೆಯುವಾಗ ಯಾವುದು ಮೊದಲು?

ಜಾಲಹಳ್ಳಿ ಕ್ರಾಸ್ ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಜಾಗ. ತುಮಕೂರು ರಸ್ತೆಯ ಮೇಲುಸೇತುವೆ ಹಿಡಿದು ಕಾರಿನಲ್ಲಿ ಹೋದವರಿಗೆ ಅದು ದಾಟಿಹೋದದ್ದೇ ತಿಳಿಯುವುದಿಲ್ಲ. ಕೆಳಗಿನ ರಸ್ತೆಗೆ ಇಳಿಯಬೇಕು. ಬೆಳಗ್ಗೆ ಎಂಟರ ಹೊತ್ತಿಗೆ ಅಲ್ಲಿ ನಿಲ್ಲಬೇಕು. ಕಂಡಕ್ಟರ್ ಕೂಗು, ಆಟೋ ಹಾರನ್ನು, ಅವುಗಳ ನಡುವೆ ಬಿರುಸಾದ ಚಪ್ಪಲಿ ಸದ್ದು. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ನೂರಾರು ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕಡೆಗೆ ಓಡುನಡಿಗೆಯಲ್ಲಿ ಹೋಗುತ್ತಿರುತ್ತಾರೆ. ಅವರ ಜೊತೆಗೆ ಲೇತ್ ಮೆಷಿನ್ನಿನವರು, ಪೌಡರ್ ಕೋಟಿಂಗಿನವರು, ಲಾರಿಗೆ ಲೋಡ್ ಮಾಡುವವರು. ಒಂದು ಕಡೆ ಹಳೆಯ ಎಚ್‌ಎಂಟಿಗೂ ಈಗಿನ ಬಿಇಎಲ್‌ಗೂ ಹೋಗುವ ದಾರಿ. ಇನ್ನೊಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ, ಅಲ್ಲಿರುವ ಸಾವಿರಾರು ಸಣ್ಣ ಕಾರ್ಖಾನೆಗಳು.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಮಾತಾಡಿದರು. ಕೊರೊನಾ ತಡೆಯಲೆಂದು ನಡುರಾತ್ರಿಯಿಂದ ದೇಶಕ್ಕೆ, ಈ ರಸ್ತೆಗೂ, ಬೀಗ ಬಿತ್ತು. ಆ ಬೀಗದ ಬಗ್ಗೆ ಆಗಲೇ ಸಾಕಷ್ಟು ಮಾತಾಗಿದೆ. ನಾನು ಇವತ್ತು ಮಾತಾಡಲು ಬಂದಿರುವುದು ಬೀಗ ತೆಗೆದ ಬಗ್ಗೆ.

ಮುಚ್ಚುವುದಕ್ಕೆ ನಾಲ್ಕು ಗಂಟೆ ಸಾಕಾಯಿತು. ತೆರೆಯುವುದಕ್ಕೆ ತಿಂಗಳುಗಳೇ ಹಿಡಿದವು. ಒಂದೊಂದು ಬಾಗಿಲಿಗೆ ಒಂದೊಂದು ಆದೇಶ, ಒಂದೊಂದು ತಾರೀಕು. ಕಾರ್ಖಾನೆಯ ಗೇಟು ಒಂದು ದಿನ. ಬಸ್ಸು ಇನ್ನೊಂದು ದಿನ. ಮೆಟ್ರೋ, ಅಂಗನವಾಡಿ, ಶಾಲೆ ಮತ್ತೊಂದು ದಿನ. ಈ ತಾರೀಕುಗಳನ್ನು ಸುಮ್ಮನೆ ಒಂದರ ಪಕ್ಕ ಒಂದು ಇಟ್ಟು ನೋಡಿ. ಕಡಿಮೆ ಸಂಬಳದ ದುಡಿಮೆಗಾರರಿಗೆ ಏನಾಯಿತು ಎಂಬುದು ಅಲ್ಲೇ ಸಿಗುತ್ತದೆ. ದುಡಿಸಿಕೊಳ್ಳುವ ಬಾಗಿಲು ಮೊದಲು ತೆರೆಯಿತು. ದುಡಿಯುವವರಿಗೆ ಬೇಕಾದ ಬಾಗಿಲು ಆಮೇಲೆ ತೆರೆಯಿತು. ನಡುವಿನ ದಿನಗಳ ಖರ್ಚು ದುಡಿಯುವವರ ಮೇಲೆಯೇ ಬಿತ್ತು.

ಮೊದಲು 2020ರ ಮೇ ತಿಂಗಳನ್ನು ತೆಗೆದುಕೊಳ್ಳೋಣ.

ಬೀಗ ಬಿದ್ದ ಐದನೆಯ ದಿನ, ಅಂದರೆ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತ್ತು. ಕೆಲಸ ನಿಂತ ದಿನಗಳಿಗೂ ಮಾಲೀಕರು ಪೂರ್ತಿ ಸಂಬಳ ಕೊಡಬೇಕು. ಕಾರ್ಮಿಕರಿಂದ ಮನೆ ಬಾಡಿಗೆಯನ್ನು ಒಂದು ತಿಂಗಳು ಕೇಳಬಾರದು. ಆದೇಶವೇನೋ ಚೆನ್ನಾಗಿತ್ತು. ಬ್ಯಾಂಕ್ ಸಾಲ ಇದ್ದವರಿಗೆ ರಿಸರ್ವ್ ಬ್ಯಾಂಕು ಕಂತು ಮುಂದೂಡಲು ಮೊದಲು ಮೂರು ತಿಂಗಳು, ಆಮೇಲೆ ಇನ್ನೂ ಮೂರು ತಿಂಗಳು ಕೊಟ್ಟಿತು. ಬಾಡಿಗೆ ಮನೆಯ ಕಾರ್ಮಿಕನಿಗೆ ಸಿಕ್ಕಿದ್ದು ಒಂದೇ ತಿಂಗಳು, ಅದೂ ಕಾಗದದ ಮೇಲೆ. ಇಲ್ಲೇ ಹತ್ತಿರದ ಅಬ್ಬಿಗೆರೆಯ ಶೀಟಿನ ಮನೆಯ ಮಾಲೀಕನ ಮುಂದೆ ಗೃಹ ಇಲಾಖೆಯ ಆದೇಶವನ್ನು ಯಾರು ಹಿಡಿಯಬೇಕಿತ್ತು?

ಮೇ 4ರಿಂದ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಆದರೆ ಬಿಎಂಟಿಸಿ ಬಸ್ಸು ಹೊರಟದ್ದು ಮೇ 19ಕ್ಕೆ. ನಡುವೆ ಎರಡು ವಾರ. ಕಾರ್ಮಿಕರನ್ನು ಕರೆತರುವ ವಾಹನದ ವ್ಯವಸ್ಥೆಯನ್ನು ಕಾರ್ಖಾನೆಯವರೇ ಮಾಡಬೇಕು ಎಂದು ನಿಯಮ ಹೇಳುತ್ತಿತ್ತು. ಸಾವಿರ ಜನ ದುಡಿಯುವ ಕಾರ್ಖಾನೆಗೆ ಅದು ಸಾಧ್ಯ. ಪೀಣ್ಯದ ಯಾವುದೋ ಅಡ್ಡರಸ್ತೆಯಲ್ಲಿ ಐದಾರು ಮಂದಿ ಇಟ್ಟುಕೊಂಡು ಶೆಡ್ಡು ನಡೆಸುವ ಯಜಮಾನ ಬಸ್ಸು ಎಲ್ಲಿಂದ ತಂದಾನು? ಅವನಿಗೂ ಆರ್ಡರ್ ಇರಲಿಲ್ಲ, ಬಾಡಿಗೆ ತಪ್ಪಿರಲಿಲ್ಲ. ಸಣ್ಣ ಕೈಗಾರಿಕೆಗಳಿಗೆ ಕರೆಂಟಿನ ನಿಗದಿತ ಶುಲ್ಕವನ್ನು ಎರಡು ತಿಂಗಳು ಮನ್ನಾ ಮಾಡಿದ್ದೇನೋ ನಿಜ. ಅಷ್ಟರಿಂದ ಬಸ್ಸು ಬರುವುದಿಲ್ಲ.

ಈಗ ಮೇ 18 ಮತ್ತು 19 ಎಂಬ ಎರಡು ದಿನಗಳನ್ನು ಗಮನವಿಟ್ಟು ಕೇಳಿ. ಪೂರ್ತಿ ಸಂಬಳ ಕೊಡಿ ಎಂಬ ಮಾರ್ಚ್ 29ರ ಆದೇಶ ಮೇ 18ರಿಂದ ರದ್ದಾಯಿತು. ಬಸ್ಸು ರಸ್ತೆಗೆ ಬಂದದ್ದು 19ಕ್ಕೆ. ಅಂದರೆ ಕೆಲಸಕ್ಕೆ ಹೋಗಲು ದಾರಿ ಆಗುವ ಮೊದಲೇ, ಹೋಗಲಾಗದವರ ಸಂಬಳದ ಭರವಸೆ ಹೋಯಿತು.

ಬಸ್ಸಾದರೂ ಹೇಗೆ ಬಂತು? ಮೊದಲ ದಿನಗಳಲ್ಲಿ ಟಿಕೆಟ್ ಇಲ್ಲ, ಪಾಸ್ ಮಾತ್ರ. ಕೈಯಿಂದ ಕೈಗೆ ಚಿಲ್ಲರೆ ಹೋಗಬಾರದು ಎಂಬುದು ಕಾರಣ. ದಿನದ ಪಾಸಿಗೆ 70 ರೂಪಾಯಿ. ವಾರದ ಪಾಸಿಗೆ 300. ಆಗ ಗಾರ್ಮೆಂಟ್ಸ್ ಕೆಲಸದವರ ತಿಂಗಳ ಕನಿಷ್ಠ ವೇತನ ಹೆಚ್ಚುಕಡಿಮೆ 9 ಸಾವಿರ ರೂಪಾಯಿ. ದಿನಕ್ಕೆ 350ರ ಆಸುಪಾಸು. ಜಾಲಹಳ್ಳಿಯಿಂದ ಗೊರಗುಂಟೆಪಾಳ್ಯಕ್ಕೆ ನಾಲ್ಕೈದು ಸ್ಟಾಪ್ ಹೋಗುವ ಹೆಂಗಸು ದಿನಗೂಲಿಯ ಐದನೆಯ ಒಂದು ಪಾಲನ್ನು ಬಸ್ಸಿಗೆ ಕೊಡಬೇಕಾಯಿತು. ಜನ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಟಿಕೆಟ್ ಮರಳಿತು. ಪಾಸಿನ ದರ ಗೊತ್ತುಮಾಡಿದವರು ಯಾರೂ ಆ ಬಸ್ಸಿನಲ್ಲಿ ಓಡಾಡುವವರಾಗಿರಲಾರರು ಎಂದು ನನ್ನ ಅನುಮಾನ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಗೇಟು ಮೊದಲು ತೆರೆಯಿತು, ದಾರಿ ಆಮೇಲೆ ತೆರೆಯಿತು, ಸಂಬಳದ ಆಸರೆ ನಡುವೆಯೇ ಹೋಯಿತು. ಈಗ ಇನ್ನೊಂದು ಬಾಗಿಲಿನ ಮಾತು. ಅದು ಊರಿಗೆ ಹೋಗುವ ಬಾಗಿಲು.

ಜಾಲಹಳ್ಳಿಯಿಂದ ಸ್ವಲ್ಪವೇ ದೂರದಲ್ಲಿ ಚಿಕ್ಕಬಾಣಾವರ. ಅಲ್ಲಿ ಒಂದು ರೈಲು ನಿಲ್ದಾಣ. ಸಾಮಾನ್ಯ ದಿನಗಳಲ್ಲಿ ಅದರ ಹೆಸರು ಪೇಪರಿನಲ್ಲಿ ಬರುವುದಿಲ್ಲ. 2020ರ ಮೇ ಮೊದಲ ವಾರದಲ್ಲಿ ಬಂತು. ಬಿಹಾರ, ಒಡಿಶಾ ಕಡೆಯ ಕಾರ್ಮಿಕರನ್ನು ಹೊತ್ತ ಶ್ರಮಿಕ್ ವಿಶೇಷ ರೈಲುಗಳು ಅಲ್ಲಿಂದಲೂ ಮಾಲೂರಿನಿಂದಲೂ ಹೊರಟವು. ಕಟ್ಟಡ ಕೆಲಸದವರು, ಕಾರ್ಖಾನೆಯ ಹೆಲ್ಪರ್‌ಗಳು ತುಮಕೂರು ರಸ್ತೆಯುದ್ದಕ್ಕೂ ತಲೆಯ ಮೇಲೆ ಗಂಟು ಹೊತ್ತು ನಡೆದರು.

ಮೇ 5ರಂದು ಕಟ್ಟಡ ಉದ್ಯಮದವರು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಭೇಟಿಯಾದರು. ನಾಳೆಯಿಂದ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ಇಲ್ಲೇ ಕೆಲಸ ಶುರುವಾಗುತ್ತದೆ, ಊರಿಗೆ ಯಾಕೆ ಹೋಗುತ್ತೀರಿ ಎಂಬ ವಾದ. ಕೇಳಲು ಕಾಳಜಿಯಂತೆ ಇದೆ. ಆದರೆ ಆರು ವಾರ ಕೂಲಿ ಇಲ್ಲದೆ, ಯಾರೋ ಕೊಟ್ಟ ಅನ್ನದ ಪೊಟ್ಟಣದಲ್ಲಿ ಬದುಕಿದವನಿಗೆ ಮನೆಗೆ ಹೋಗಬೇಕು ಅನ್ನಿಸಿದರೆ ತಡೆಯಲು ನಾವ್ಯಾರು? ದೇಶದ ತುಂಬ ಟೀಕೆ ಬಂತು. ಎರಡು ಮೂರು ದಿನದಲ್ಲಿ ತೀರ್ಮಾನ ಬದಲಾಯಿತು. ಮೇ 8ರಿಂದ ರೈಲು ಮತ್ತೆ ಹೊರಟಿತು.

ಸಣ್ಣ ಅವಧಿ, ನಿಜ. ಆದರೂ ನಾನು ಇದನ್ನು ಮರೆಯಲಾರೆ. ಬೀಗ ತೆಗೆಯುವುದು ಎಂದರೆ ಎರಡೂ ಕಡೆಗೆ ತೆಗೆಯಬೇಕು. ಕೆಲಸಕ್ಕೆ ಬಾ ಎನ್ನುವ ಬಾಗಿಲಿನಷ್ಟೇ ಹೋಗಿ ಬರುತ್ತೇನೆ ಎನ್ನುವ ಬಾಗಿಲೂ ತೆರೆದಿರಬೇಕು. ಹೋಗುವ ಸ್ವಾತಂತ್ರ್ಯ ಇದ್ದವನಿಗೆ ಮಾತ್ರ ಕೂಲಿ ಮಾತಾಡುವ ಧೈರ್ಯ ಇರುತ್ತದೆ.

ರೈಲಿನ ವಿಷಯ ಇಷ್ಟು. ಗೇಟು, ಬಸ್ಸು, ರೈಲು ಆಯಿತು. ಇನ್ನು ಗೇಟಿನ ಒಳಗೆ ಹೋಗೋಣ.

ಮೇ 22ರಂದು ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು, ಮೂರು ತಿಂಗಳ ಮಟ್ಟಿಗೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮಿತಿ ದಿನಕ್ಕೆ 9, ವಾರಕ್ಕೆ 48 ಇತ್ತು. ಈ ಕಾಯ್ದೆಯಲ್ಲಿ ಐದನೆಯ ಸೆಕ್ಷನ್ ಎಂಬುದಿತ್ತು. ಯುದ್ಧದಂಥ ಸಾರ್ವಜನಿಕ ತುರ್ತು ಬಂದರೆ ಕಾರ್ಖಾನೆಗಳಿಗೆ ವಿನಾಯಿತಿ ಕೊಡಲು ಇದ್ದ ಅವಕಾಶ. ಸರ್ಕಾರ ಹಿಡಿದದ್ದು ಅದನ್ನು. ವಿಷಯ ಹೈಕೋರ್ಟಿಗೆ ಹೋಯಿತು. ಜೂನ್ 11ಕ್ಕೆ ಸರ್ಕಾರವೇ ಅಧಿಸೂಚನೆ ವಾಪಸು ಪಡೆಯಿತು. ಇದೇ ಬಗೆಯ ಗುಜರಾತಿನ ಆದೇಶವನ್ನು ಸುಪ್ರೀಂ ಕೋರ್ಟು ಅಕ್ಟೋಬರ್ 1ರಂದು ರದ್ದುಮಾಡಿತು. ಸಾಂಕ್ರಾಮಿಕ ರೋಗದಿಂದಾದ ಆರ್ಥಿಕ ಕಷ್ಟ ಈ ಸೆಕ್ಷನ್ ಹೇಳುವ ತುರ್ತಲ್ಲ ಎಂದಿತು.

ಎರಡು ತಿಂಗಳು ಅರೆಹೊಟ್ಟೆಯಲ್ಲಿ ಇದ್ದು ಬಂದವರು. ಸಂಜೆ ಏಳರಿಂದ ಕರ್ಫ್ಯೂ. ಬಸ್ಸು ಸಿಕ್ಕರೆ ಸಿಕ್ಕಿತು. ಅಂಥವರಿಗೆ ಬಸ್ಸು ಬಂದ ಮೊದಲ ವಾರದಲ್ಲೇ ಹತ್ತು ಗಂಟೆಯ ಕೆಲಸ. ಜ್ವರ ಬಿಟ್ಟು ಎದ್ದವರಿಗೆ ನಮ್ಮ ಮನೆಗಳಲ್ಲಿ ಮೊದಲು ಗಂಜಿ ಕೊಡುತ್ತೇವೆ, ಮೂಟೆ ಹೊರಿಸುವುದಿಲ್ಲ.

ಇನ್ನೊಂದು ಆದೇಶ ಜುಲೈ 20ರದು. ಬೆಲೆ ಏರಿದಂತೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆಯನ್ನು ಒಂದು ವರ್ಷ ಮುಂದೂಡಲಾಯಿತು. ತಿಂಗಳಿಗೆ ಸುಮಾರು 400 ರೂಪಾಯಿ. ಸ್ಟುಡಿಯೋದಲ್ಲಿ ಕೂತು ಹೇಳುವಾಗ ಸಣ್ಣ ಮೊತ್ತ. 9 ಸಾವಿರದ ಸಂಸಾರದಲ್ಲಿ ಅದು ಅರ್ಧ ಸಿಲಿಂಡರಿಗಿಂತ ಹೆಚ್ಚು ಗ್ಯಾಸ್, ಅಥವಾ ತಿಂಗಳಿಡೀ ದಿನಕ್ಕೆ ಕಾಲು ಲೀಟರಿಗಿಂತ ಹೆಚ್ಚು ಹಾಲು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಹಾಗಿದ್ದೂ ಹಲವಾರು ಕಾರ್ಖಾನೆಗಳು ಹಣ ಕೊಡಲಿಲ್ಲ. ರಾಜ್ಯದಲ್ಲಿ ಗಾರ್ಮೆಂಟ್ಸ್ ಕೆಲಸದವರು ಸುಮಾರು 4 ಲಕ್ಷ. ಸಂಘಟನೆಗಳು ಹೋರಾಡಿ, ಹೊರದೇಶದ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2021ರ ಕೊನೆಗೆ ಮತ್ತು 2022ರ ಆರಂಭದಲ್ಲಿ ಬಾಕಿ ಕೊಡಲು ದೊಡ್ಡ ಕಂಪನಿಗಳು ಒಪ್ಪಿದವು. ನ್ಯಾಯ ಸಿಕ್ಕಿತು ಎನ್ನಬಹುದು. ಅಷ್ಟರಲ್ಲಿ ಆ ಸಂಸಾರಗಳು ಕೈಸಾಲದ ಮೇಲೆ ಕೈಸಾಲ ಮಾಡಿದ್ದವು.

ಒಂದು ಮಾತು ಸೇರಿಸುತ್ತೇನೆ. ಮೇ 6ರಂದು ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ನೆರವು ಘೋಷಿಸಿದ್ದರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5 ಸಾವಿರ. ನೋಂದಣಿಯಾದ ಕಟ್ಟಡ ಕಾರ್ಮಿಕರಿಗೆ ಮೊದಲೇ ಕೊಟ್ಟ 2 ಸಾವಿರದ ಜೊತೆಗೆ ಇನ್ನೂ 3 ಸಾವಿರ. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಆ ಪಟ್ಟಿಯಲ್ಲಿರಲಿಲ್ಲ. ಅವರು ಸಂಘಟಿತ ವಲಯದವರು, ಅವರಿಗೆ ಸಂಬಳ ಇದೆ ಎಂಬ ಲೆಕ್ಕ. ಸಂಬಳದ ಆದೇಶ ಈ ಘೋಷಣೆಯಾದ ಹನ್ನೆರಡೇ ದಿನದಲ್ಲಿ ಹೋಯಿತು ಎಂಬುದನ್ನು ಈಗಾಗಲೇ ಕೇಳಿದ್ದೀರಿ.

ಕೇಳುಗರೇ, 2020ರಲ್ಲಿ ಎಲ್ಲರಿಗೂ ಎಲ್ಲವೂ ಹೊಸದು. ಸರ್ಕಾರಕ್ಕೂ ಹೊಸದು. ತಪ್ಪು ಆಗಿರಬಹುದು, ಬಿಡೋಣ. ಆದರೆ ಒಂದು ವರ್ಷ ಕಳೆದು ಎರಡನೆಯ ಅಲೆ ಬಂತು. ಆಗ ಕಲಿತದ್ದನ್ನು ಬಳಸಿದೆವೋ?

2021ರ ಏಪ್ರಿಲ್ ಕೊನೆಗೆ ರಾಜ್ಯ ಮತ್ತೆ ಮುಚ್ಚಿತು. ಜೂನ್ 14ರಿಂದ ಬೆಂಗಳೂರು ಸೇರಿ ಹಲವು ಜಿಲ್ಲೆಗಳಲ್ಲಿ ಬಾಗಿಲು ತೆರೆಯತೊಡಗಿತು. ಕಾರ್ಖಾನೆಗಳು ಅರ್ಧ ಜನರೊಂದಿಗೆ, ಗಾರ್ಮೆಂಟ್ಸ್ ಶೇಕಡ 30 ಜನರೊಂದಿಗೆ ನಡೆಯಬಹುದು. ಆಟೋದಲ್ಲಿ ಇಬ್ಬರು ಹೋಗಬಹುದು. ಬಿಎಂಟಿಸಿ ಬಸ್ಸು? ಜೂನ್ 21ಕ್ಕೆ. ಮೆಟ್ರೋ? ಅದೂ ಜೂನ್ 21ಕ್ಕೆ. ಮತ್ತೆ ಅದೇ ಕಥೆ. ಒಂದು ವಾರ ಗೇಟು ತೆರೆದಿದೆ, ದಾರಿ ಮುಚ್ಚಿದೆ.

ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗಿರುವ, ಟೈಲರ್ ಕೆಲಸದ ಒಬ್ಬ ಹೆಂಗಸನ್ನು ಮನಸ್ಸಿಗೆ ತಂದುಕೊಳ್ಳಿ. ಕೆಲಸ ಪೀಣ್ಯದ ಎರಡನೆಯ ಹಂತದಲ್ಲಿ. ನೂರಕ್ಕೆ ಮೂವತ್ತು ಜನ ಎಂದಾಗ ಯಾವ ಮೂವತ್ತು? ನಿಯಮ ಅದನ್ನು ಹೇಳಲಿಲ್ಲ. ಲೈನ್ ಸೂಪರ್‌ವೈಸರ್ ಫೋನ್ ಮಾಡುತ್ತಾನೆ, ನಾಳೆ ಬರ್ತೀಯಾ ಎಂದು. ಬರ್ತೀನಿ ಎಂದರೆ ಆಟೋಗೆ ಹೋಗಿಬರಲು ಅರ್ಧ ದಿನದ ಕೂಲಿ. ಆಗಲ್ಲ ಎಂದರೆ ಮುಂದಿನ ವಾರ ಫೋನ್ ಬರುತ್ತದೋ ಇಲ್ಲವೋ. ಉಳಿದ ಎಪ್ಪತ್ತು ಜನರ ಆ ದಿನದ ಕೂಲಿ ಯಾರು ಕೊಡಬೇಕು? ಅದನ್ನೂ ನಿಯಮ ಹೇಳಲಿಲ್ಲ.

ಅವಳಿಗೆ ನಾಲ್ಕು ವರ್ಷದ ಮಗು ಇದೆ ಎನ್ನಿ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕು ಎಂಬುದು ಅದೇ 1948ರ ಕಾಯ್ದೆಯ ಮಾತಾಗಿತ್ತು. ಕೊರೊನಾ ಕಾಲದಲ್ಲಿ ಮಗುವನ್ನು ಕಾರ್ಖಾನೆಗೆ ಕರೆತರುವ ಮಾತೇ ಇರಲಿಲ್ಲ. ಅಂಗನವಾಡಿಯಾದರೂ ಇದೆಯೇ? ಕರ್ನಾಟಕದಲ್ಲಿ ಅಂಗನವಾಡಿಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಒಂದರಿಂದ ಐದನೆಯ ತರಗತಿ ಅದಕ್ಕೆ ಎರಡು ವಾರ ಮೊದಲು, ಅಕ್ಟೋಬರ್ 25ಕ್ಕೆ. ಕಾರ್ಖಾನೆ ತೆರೆದದ್ದು 2020ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿ. ಗೇಟಿಗೂ ಅಂಗನವಾಡಿಗೂ ನಡುವೆ ಹದಿನೆಂಟು ತಿಂಗಳು.

ಆ ಹದಿನೆಂಟು ತಿಂಗಳು ಮಕ್ಕಳನ್ನು ನೋಡಿಕೊಂಡವರು ಯಾರು? ಊರಿಂದ ಬಂದ ಅಜ್ಜಿ. ಪಕ್ಕದ ಮನೆಯ ಅಕ್ಕ. ಎಷ್ಟೋ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ದೊಡ್ಡ ಮಗಳು. ಅವಳ ಆನ್‌ಲೈನ್ ಪಾಠದ ಫೋನು ಅಮ್ಮನ ಜೊತೆ ಕಾರ್ಖಾನೆಗೆ ಹೋಗುತ್ತಿತ್ತು. ಇದು ಯಾವ ಆದೇಶದಲ್ಲೂ ಇಲ್ಲ. ನಮ್ಮ ಕಡೆಯ ವಠಾರಗಳಲ್ಲಿ ಎಲ್ಲರಿಗೂ ಗೊತ್ತು.

ಸರಿ, ಇಲ್ಲಿಗೆ ದಾರಿ, ಸಂಬಳ, ಗಂಟೆ, ಮಗು, ಇಷ್ಟು ಆಯಿತು. ಉಳಿದದ್ದು ಜ್ವರ.

ಕೆಲಸದ ಜಾಗ ತೆರೆದಾಗ ರೋಗ ಹರಡದಿರಬೇಕಾದರೆ ಜ್ವರ ಬಂದವರು ಮನೆಯಲ್ಲಿರಬೇಕು. ಮನೆಯಲ್ಲಿರಬೇಕಾದರೆ ಅಂದಿನ ಕೂಲಿ ಸಿಗಬೇಕು. ಇಲ್ಲದಿದ್ದರೆ ಮಾತ್ರೆ ನುಂಗಿ ಗೇಟಿನ ಥರ್ಮಾಮೀಟರ್ ದಾಟುತ್ತಾರೆ. ಇಎಸ್‌ಐ ಎಂಬ ಕಾರ್ಮಿಕ ವಿಮೆ ಇರುವವರಿಗೆ ಕಾಯಿಲೆಯ ದಿನಗಳಿಗೆ ಸಂಬಳದ ಶೇಕಡ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಅದರೊಳಗೆ ಒಂದು ಕೊಕ್ಕೆ ಇದೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಸೌಲಭ್ಯಕ್ಕೆ ಲೆಕ್ಕ. ಈಗ 2020ಕ್ಕೆ ಇದನ್ನು ಹಚ್ಚಿ ನೋಡಿ. ಏಪ್ರಿಲ್ ಪೂರ್ತಿ ಕಾರ್ಖಾನೆ ಬಂದ್. ಆಗಸ್ಟಿನಲ್ಲಿ ಕೆಲಸಕ್ಕೆ ಮರಳಿದವರಿಗೆ 78 ದಿನ ತುಂಬುವುದೇ ಇಲ್ಲ. ಅವರ ಕಾಯಿಲೆಯ ಹಕ್ಕು ತಪ್ಪುವುದು 2021ರ ಜನವರಿಯಿಂದ ಜೂನ್‌ವರೆಗೆ. ಎರಡನೆಯ ಅಲೆ ಬಂದದ್ದು ಸರಿಯಾಗಿ ಆಗಲೇ. ಬೀಗ ಹಾಕಿದ್ದು ಸರ್ಕಾರ. ಕಡಿಮೆ ಬಿದ್ದ ದಿನಗಳು ಮಾತ್ರ ಕಾರ್ಮಿಕರ ಲೆಕ್ಕಕ್ಕೆ.

ಹಾಗಾದರೆ ಹೇಗೆ ತೆರೆಯಬೇಕಿತ್ತು ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ ಕೆಲಸ ನಿಂತವರ ಸಂಬಳದ ಶೇಕಡ 80ರಷ್ಟನ್ನು, ಒಂದು ಮಿತಿಯವರೆಗೆ, ಸರ್ಕಾರ ಕೊಡುತ್ತಿತ್ತು. 2021ರ ಜುಲೈಯಲ್ಲಿ ಸರ್ಕಾರ ತನ್ನ ಪಾಲನ್ನು 70ಕ್ಕೆ ಇಳಿಸಿತು, ಆಗಸ್ಟಿನಲ್ಲಿ 60ಕ್ಕೆ. ಇಳಿದಷ್ಟನ್ನು ಮಾಲೀಕರು ತುಂಬಬೇಕಿತ್ತು. ಕೆಲಸಗಾರರ ಕೈಗೆ 80 ಬರುತ್ತಲೇ ಇತ್ತು. ಸೆಪ್ಟೆಂಬರ್ ಕೊನೆಗೆ ಯೋಜನೆ ಮುಗಿಯಿತು. ಅಷ್ಟು ಹಣ ನಮ್ಮಲ್ಲಿ ಇಲ್ಲ ಎನ್ನುತ್ತೀರಿ. ಒಪ್ಪಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದಕ್ಕೆ ಹಣಕ್ಕಿಂತ ಮುಂದಾಲೋಚನೆ ಬೇಕು. ಮೇ 18ರ ಬದಲು ಬಸ್ಸು ಪೂರ್ತಿ ಓಡಿದ ಮೇಲೆ ಆದೇಶ ತೆಗೆದಿದ್ದರೆ ಖಜಾನೆಯಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ದೂರದ ಬ್ರಿಟನ್ ಯಾಕೆ, ಜಾಲಹಳ್ಳಿಯನ್ನೇ ನೋಡಿ. 1953ರಲ್ಲಿ ಇಲ್ಲಿ ಎಚ್‌ಎಂಟಿ ಶುರುವಾಯಿತು, ಮರುವರ್ಷ ಬಿಇಎಲ್. ಕಾರ್ಖಾನೆಯ ಜೊತೆಗೇ ಕಾಲೊನಿ, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಶಿಫ್ಟಿನ ಬಸ್ಸು ಬಂದವು. ದುಡಿಯುವವರಿಗೆ ಇವೆಲ್ಲ ಬೇಕು ಎಂದು ಆಗಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಸ್ತೆಯ ಆಚೆ ಪೀಣ್ಯ ಬೆಳೆದಾಗ ಕಾರ್ಖಾನೆ ಮಾತ್ರ ಬೆಳೆಯಿತು. ಉಳಿದದ್ದನ್ನು ಕಾರ್ಮಿಕರೇ ಅಬ್ಬಿಗೆರೆ, ಮಲ್ಲಸಂದ್ರ, ಲಗ್ಗೆರೆಯ ಬಾಡಿಗೆ ಮನೆಗಳಲ್ಲಿ ಹೊಂದಿಸಿಕೊಂಡರು. ಹೊಂದಿಸಿಕೊಂಡದ್ದು ಬೀಗ ಬಿದ್ದ ಎರಡೇ ತಿಂಗಳಲ್ಲಿ ಕುಸಿಯಿತು.

ಮುಂದೆ ಮತ್ತೊಂದು ಸಾಂಕ್ರಾಮಿಕ ಬರುತ್ತದೋ ಇಲ್ಲವೋ. ಬಂದರೆ, ತೆರೆಯುವ ಆದೇಶಕ್ಕೆ ಸಹಿ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಾರ್ಖಾನೆಯ ತಾರೀಕು ಬರೆಯುವ ಮೊದಲು ಅದೇ ಹಾಳೆಯಲ್ಲಿ ಬಸ್ಸಿನ ತಾರೀಕು, ಅಂಗನವಾಡಿಯ ತಾರೀಕು ಬರೆಯಿರಿ. ಕರೆಯದೆ ಬಿಟ್ಟವರ ಕೂಲಿ ಯಾರದು ಎಂದೂ ಬರೆಯಿರಿ.

ಕೇಳುತ್ತಿರುವ ನೀವು ಅಲ್ಲಿಯವರೆಗೆ ಕಾಯಬೇಕಿಲ್ಲ. ನೆರವು ಬಂದಾಗ ಕಾರ್ಡು ಇದ್ದವರಿಗೆ ಮೊದಲು ಬಂತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು, 18ರಿಂದ 60 ವಯಸ್ಸಿನವರು, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ಪಿಎಫ್, ಇಎಸ್‌ಐ ಯಾವುದೂ ಇಲ್ಲದ ಮನೆಗೆಲಸದವರು, ತಳ್ಳುಗಾಡಿಯವರು, ಹಮಾಲರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪಟ್ಟಿಯಲ್ಲಿ ಸೇರಬಹುದು. ನಿಮ್ಮ ಮನೆ ಕಟ್ಟುತ್ತಿರುವ ಗಾರೆಯವರನ್ನು, ಪಾತ್ರೆ ತೊಳೆಯಲು ಬರುವ ಅಕ್ಕನನ್ನು ಇವತ್ತೇ ಕೇಳಿ, ಕಾರ್ಡು ಇದೆಯೇ ಎಂದು. ಗಾರ್ಮೆಂಟ್ಸ್ ತಾಯಂದಿರೇ, ನಿಮ್ಮ ಇಎಸ್‌ಐ ವಂತಿಗೆ ಎಷ್ಟು ದಿನದ್ದು ಜಮೆಯಾಗಿದೆ ಎಂದು ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ. ತಕರಾರಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ ಇದೆ. ಸಂಖ್ಯೆಯನ್ನು ಎರಡು ಸಲ ಹೇಳುತ್ತೇನೆ, ಬರೆದುಕೊಳ್ಳಿ: 155214. ಒಂದು, ಐದು, ಐದು, ಎರಡು, ಒಂದು, ನಾಲ್ಕು.